ಸ್ತ್ರೀಧನವೂ ಗಿರಣಿಯ ಕೂಲಿಯೂ

ಗೋಕಾಕದ ಬಳಿ ಘಟಪ್ರಭೆಯು ಸುಮಾರು 170 ಅಡಿಗಳ ಎತ್ತರದಿಂದ ಧುಮುಕುವುದನ್ನು ಕಂಡವರು ಆ ನೋಟದ ರಮಣೀಯತೆಯನ್ನು ಬಣ್ಣಿಸುವುದು ವಾಡಿಕೆ. ನಾವಾದರೋ ಈ ಹೊತ್ತು ಜಲಪಾತದ ಮಗ್ಗುಲಲ್ಲಿರುವ ಗಿರಣಿಯ ಕಡೆಗೆ ದೃಷ್ಟಿಯನ್ನು ಹೊರಳಿಸೋಣ. ಬೀಳುವ ನೀರಿನ ಬಲವನ್ನು ಯಂತ್ರಕ್ಕೆ ಹೂಡಬೇಕೆಂಬ ಉದ್ದೇಶದಿಂದ 1885ರಲ್ಲಿ ಇಲ್ಲಿ ಒಂದು ಕಂಪನಿಯು ಸ್ಥಾಪಿತವಾಯಿತು. 1887ರಲ್ಲಿ ನೂಲುವ ಕೆಲಸವು ಮೊದಲಾಯಿತು. ಕಾಳುಕಡಿಯ ಕೂಲಿಯನ್ನೇ ಬಲ್ಲ ಸೀಮೆಗೆ ನಗದು ಕೂಲಿಯು ಹೀಗೆ ಬಂದು ಸೇರಿತು. ಇಂಥ ಗಿರಣಿಗಳಲ್ಲಿ ದುಡಿದ ಹೆಂಗಸಿಗೆ ಮುಪ್ಪಿನ ಕಾಲಕ್ಕೆ ಏನು ಉಳಿಯಿತು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಧರ್ಮಶಾಸ್ತ್ರವನ್ನು ಕೇಳೋಣ. ಹೆಂಡತಿಯು ಶಿಲ್ಪದಿಂದ, ಎಂದರೆ ಕೈಗೆಲಸದಿಂದ, ಗಳಿಸಿದ ಹಣದ ಮೇಲೆ ಗಂಡನಿಗೆ ಸ್ವಾಮ್ಯವುಂಟೆಂದು ಕಾತ್ಯಾಯನನ ಮತ. ಆದರೆ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಹೆಚ್ಚು ಉದಾರಿ. ಯಾಜ್ಞವಲ್ಕ್ಯನು ಸ್ತ್ರೀಧನವನ್ನು ಎಣಿಸುತ್ತ 'ಮೊದಲಾದುವು' ಎಂದು ಮುಗಿಸಿದ್ದನು. ಆ ಒಂದು ಮಾತಿನೊಳಗೆ ದಾಯದಿಂದಲೂ ಕ್ರಯದಿಂದಲೂ ವಿಭಾಗದಿಂದಲೂ ಬಂದುದೆಲ್ಲ ಸೇರುತ್ತದೆಂದು ಇವನು ವ್ಯಾಖ್ಯಾನಿಸಿದನು. ಬ್ರಿಟಿಷರ ಕಾಲದ ನ್ಯಾಯಸ್ಥಾನಗಳು ಈ ವಿಶಾಲಾರ್ಥವನ್ನು ಬಹುಮಟ್ಟಿಗೆ ಕಿರಿದುಮಾಡಿದುವು. ಗೋಕಾಕವು ಸೇರಿದ್ದ ಮುಂಬಯಿ ಇಲಾಖೆಯಲ್ಲಿ ಹೆಂಗಸಿನ ದುಡಿಮೆಯು ಅವಳ ಸ್ತ್ರೀಧನವೆಂದೇ ಎಣಿಕೆಯಾಯಿತು, ನಿಜ. ಆದರೆ ಗಂಡನಿರುವ ತನಕ ಅವನ ಒಪ್ಪಿಗೆಯಿಲ್ಲದೆ ಅದನ್ನು ವಿನಿಯೋಗಿಸುವಂತಿರಲಿಲ್ಲ. ಪೆಟ್ಟಿಗೆಯು ಅವಳದು, ಬೀಗದಕೈ ಅವನದು.

ಇನ್ನು ಕೂಲಿಯ ವಿಚಾರ. ಆ ಇಲಾಖೆಯ ಗಿರಣಿಗಳಲ್ಲಿ ಹೆಂಗಸರು ಹೆಚ್ಚಾಗಿ ಇದ್ದುದು ನೂಲನ್ನು ಸುತ್ತುವ ಮತ್ತು ಲಡಿಮಾಡುವ ವಿಭಾಗಗಳಲ್ಲಿ. ಅಲ್ಲಿ ಕೆಲಸದ ಅಳತೆಗೆ ತಕ್ಕಂತೆ ಕೂಲಿ. ನೂಲು ಬಾರದ ದಿನ ಕೂಲಿಯೂ ಇಲ್ಲ. ಬಾಣಂತಿತನ, ಕೂಸಿನ ಆರೈಕೆ, ಮನೆಯ ರೋಗಿಯ ಶುಶ್ರೂಷೆ, ಇವೆಲ್ಲ ಅವಳ ದುಡಿಮೆಯನ್ನು ನಡುನಡುವೆ ಕಡಿಯುತ್ತಿದ್ದುವು. ಹೆರಿಗೆಯ ಭತ್ಯಕ್ಕಾಗಿ ಭಾರತದಲ್ಲಿಯೇ ಮೊದಲ ಶಾಸನವನ್ನು ಮಾಡಿದ ಕೀರ್ತಿ 1929ರಲ್ಲಿ ಮುಂಬಯಿ ಇಲಾಖೆಗೆ ಸಂದಿತು. ಆದರೆ ಅದರ ವೆಚ್ಚವು ಮಾಲಿಕನ ಮೇಲೆಯೇ ಬಿದ್ದುದರಿಂದ, ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವುದಕ್ಕೆ ಅದೂ ಒಂದು ನೆವವಾಯಿತು.

ಇಂಥವಳು ಉಳಿಸುವುದಾದರೂ ಎಲ್ಲಿ? ಹೊಲದ ಪತ್ರಗಳು ಗಂಡಸರ ಹೆಸರಿನಲ್ಲಿ. ಆದುದರಿಂದ ಪುತಳಿಸರ, ಪಾಟಲಿ, ಬೋರಮಾಳಗಳೇ ಅವಳ ಬ್ಯಾಂಕು. ಅವುಗಳನ್ನು ಬರಿಯ ಅಲಂಕಾರಪ್ರಿಯತೆಯೆಂದು ನಗುವುದು ಸುಲಭ. ಮೈಮೇಲಿರುವುದೊಂದೇ ತನ್ನದೆಂದು ಅರಿತವಳ ಲೆಕ್ಕಾಚಾರ ಅದು. ಆದರೂ ಬರಗಾಲ ಬಂದಾಗ, ಮಗಳ ಮದುವೆ ಬಂದಾಗ, ಮೊದಲು ಸಾಹುಕಾರನ ಮನೆಗೆ ಹೋಗುತ್ತಿದ್ದುದೂ ಅದೇ ಚಿನ್ನ.

ಶಾಸನಗಳು ತಡವಾಗಿಯಾದರೂ ಬಂದುವು. ಅಂದಿನ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿತ್ತು. ಬ್ರಿಟಿಷ್ ಇಂಡಿಯದಲ್ಲಿ 1937ರ ಶಾಸನವು ವಿಧವೆಗೆ ಪಾಲನ್ನು ಕೊಟ್ಟಿತು. ಆದರೆ ಅದು ಜೀವಮಾನಕ್ಕೆ ಮಿತವಾದ ಹಕ್ಕು. ಸ್ತ್ರೀಗೆ ಪೂರ್ಣಸ್ವಾಮ್ಯವು ದೊರೆತುದು 1956ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕನ್ನು ಕರ್ನಾಟಕವು 1994ರಲ್ಲಿ ಅವಿವಾಹಿತೆಯರಿಗೆ ಕೊಟ್ಟಿತು. 2005ರಲ್ಲಿ ಇಡೀ ದೇಶವು ವಿವಾಹಿತೆಯರನ್ನೂ ಸೇರಿಸಿಕೊಂಡಿತು.

ಗಿರಣಿಯೊಳಗೂ ಮುಪ್ಪಿನ ಏರ್ಪಾಡು ಬಂದಿತು. 1952ರ ಪ್ರಾವಿಡೆಂಟ್ ಫಂಡ್ ಶಾಸನವು ಆರಂಭದಲ್ಲಿಯೇ ಬಟ್ಟೆಯ ಉದ್ಯಮವನ್ನು ಒಳಗೊಂಡಿತು. ಅಂದಿನ ದರವು ನೂರಕ್ಕೆ ಆರೂಕಾಲು, ಎಂದರೆ ಕೂಲಿಯ ರೂಪಾಯಿಗೆ ಒಂದಾಣೆ. ಮಾಲಿಕನೂ ಅಷ್ಟನ್ನೇ ಕೂಡಿಸತಕ್ಕದ್ದು. ನಿಯಮವು ಗಂಡುಹೆಣ್ಣೆಂಬ ಭೇದವನ್ನು ಮಾಡಲಿಲ್ಲ. ಆದರೆ ಕಡಮೆ ಕೂಲಿಯವಳ ಆಣೆಗಳೂ ಕಡಮೆ. ಮಧ್ಯೆ ಬಿಟ್ಟುಹೋದವಳ ವರ್ಷಗಳೂ ಕಡಮೆ. 1972ರ ಗ್ರ್ಯಾಚುಯಿಟಿಗೆ ಸಾಮಾನ್ಯವಾಗಿ ಐದು ವರ್ಷಗಳ ಅಖಂಡಸೇವೆಯೂ, 1995ರ ಪೆನ್ಷನ್ ಯೋಜನೆಯಲ್ಲಿ ಮುಪ್ಪಿನ ಮಾಸಾಶನಕ್ಕೆ ಹತ್ತು ವರ್ಷಗಳ ಸೇವೆಯೂ ಬೇಕು. ಎಷ್ಟೋ ಹೆಂಗಸರ ಕೈಗೆ ಮುಪ್ಪಿನಲ್ಲಿ ಮಾಸಾಶನವು ಬರುವುದಾದರೆ ಅದು ದುಡಿದವಳೆಂಬ ಕಾರಣದಿಂದಲ್ಲ, ದುಡಿದವನ ವಿಧವೆಯೆಂಬ ಕಾರಣದಿಂದ.

ಆಸ್ತಿಯ ಹಕ್ಕನ್ನು ಕೊಡುವ ಶಾಸನವು ಒಂದು ದಾರಿಯಲ್ಲಿ, ಕೂಲಿಯಿಂದ ಕೂಡುವ ನಿಧಿಯು ಇನ್ನೊಂದು ದಾರಿಯಲ್ಲಿ ನಡೆದುಬಂದುದನ್ನು ಕಂಡೆವು. ತೊಟ್ಟಿಲನ್ನು ತೂಗಿದ ವರ್ಷಗಳು ಮಾತ್ರ ಇವೆರಡರ ಲೆಕ್ಕಕ್ಕೂ ಸಿಕ್ಕಲಿಲ್ಲ. ಮೊದಲನೆಯ ದಾರಿಯ ತಪ್ಪನ್ನು ತಿದ್ದಲು ವಿಜ್ಞಾನೇಶ್ವರನಿಂದ ಎಂಟುನೂರಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಎರಡನೆಯದನ್ನು ತಿದ್ದಲು ಅಷ್ಟು ಕಾಲ ಕಾಯುವುದು ಸುಶಿಕ್ಷಿತ ಸಮಾಜಕ್ಕೆ ಭೂಷಣವಲ್ಲ.