ಮ್ಯಾಂಟಲ್‌ಗೆ ಹೊರಟ ತೂತುಗಳ ಕಥೆ: ಮೊಹೋಲ್‌ನಿಂದ ಕೊಯ್ನಾವರೆಗೆ

ಕಳವಾದಿಂದ ಮಾತಾಡ್ತಾ ಇದ್ದೀನಿ. ಈ ವಾರದ ವಿಷಯ, ಭೂಮಿಗೆ ತೂತು ಕೊರೆಯೋದರ ಇತಿಹಾಸ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಲೋಕಲ್‌ನಲ್ಲಿ ನೆಟ್‌ವರ್ಕ್ ಸಿಗದವರು ಇಲ್ಲೇ ಓದಿಕೊಳ್ಳಬಹುದು.

ಮೊದಲು ಒಂದು ಲೆಕ್ಕ. ನಮ್ಮ ಕೋಲಾರದ ಚಿನ್ನದ ಗಣಿ, ಅಂದರೆ ಸಿನಿಮಾದ್ದಲ್ಲ, ನಿಜವಾದ ಕೆಜಿಎಫ್, ಚಾಂಪಿಯನ್ ರೀಫ್‌ನಲ್ಲಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ರಷ್ಯಾದವರು ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯೋಕೆ ಶುರು ಮಾಡಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಲ್ಲಿ 100 ಡಿಗ್ರಿ ಬಿಸಿ ಇರಬಹುದು ಅಂದುಕೊಂಡಿದ್ದರು, ಸಿಕ್ಕಿದ್ದು ಸುಮಾರು 180 ಡಿಗ್ರಿ. ಅದಕ್ಕಿಂತ ಕೆಳಗೆ ಹೋಗಲು ಆಗಲಿಲ್ಲ. ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ 6,371 ಕಿಲೋಮೀಟರ್. ಅಂದರೆ ಇಷ್ಟು ಕಷ್ಟಪಟ್ಟು ಹೋಗಿರೋದು ಐನೂರರಲ್ಲಿ ಒಂದು ಪಾಲು ಮಾತ್ರ!

ಶಾಲೆಯಲ್ಲಿ ಓದಿದ್ದು ನೆನಪಿರಬೇಕು: ಮೇಲೆ ಭೂಕವಚ, ಮಧ್ಯೆ ಮ್ಯಾಂಟಲ್, ಒಳಗೆ ಕೇಂದ್ರಗೋಳ. ಮ್ಯಾಂಟಲ್ ಅನ್ನೋದು ಕುದಿಯೋ ಲಾವಾದ ಕಡಲು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಬಹುಪಾಲು ಘನವಾದ ಕಲ್ಲೇ. ಪೆರಿಡೋಟೈಟ್ ಅನ್ನೋ ಭಾರದ, ಹಸಿರು ಛಾಯೆಯ ಕಲ್ಲು. ಭೂಮಿಯ ಗಾತ್ರದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಇದೇ. ನಾವು ಮನೆ ಕಟ್ಟಿರೋ ಗ್ರಹದ ಮುಖ್ಯ ಸರಕು ಇದು, ಆದರೆ ಭೂಕವಚವನ್ನು ಪೂರ್ತಿ ದಾಟಿ ಹೋಗಿ ಇದನ್ನು ತಂದವರು ಇಲ್ಲಿವರೆಗೆ ಯಾರೂ ಇಲ್ಲ.

ಭೂಕವಚ ಎಲ್ಲಿ ಮುಗಿದು ಮ್ಯಾಂಟಲ್ ಎಲ್ಲಿ ಶುರುವಾಗುತ್ತೆ ಅಂತ ಗುರುತಿಸಿದ್ದು ಕ್ರೊಯೇಷಿಯಾದ ಆಂದ್ರಿಯಾ ಮೊಹೊರೊವಿಚಿಚ್. 1909ರಲ್ಲಿ ಝಾಗ್ರೆಬ್ ಹತ್ತಿರ ಆದ ಭೂಕಂಪದ ದಾಖಲೆ ನೋಡುವಾಗ, ಒಂದು ಆಳದ ಕೆಳಗೆ ಕಂಪನದ ಅಲೆಗಳ ವೇಗ ಇದ್ದಕ್ಕಿದ್ದಂತೆ ಜಾಸ್ತಿಯಾಗೋದು ಅವರಿಗೆ ಕಂಡಿತು. ಆ ಗಡಿಗೆ ಇವತ್ತು ಅವರ ಹೆಸರನ್ನೇ ಚಿಕ್ಕದು ಮಾಡಿ 'ಮೊಹೊ' ಅಂತಾರೆ. ನೆಲದ ಮೇಲಿಂದ ಅದು ಸುಮಾರು 35 ಕಿಲೋಮೀಟರ್ ಕೆಳಗೆ. ಸಮುದ್ರದ ತಳದಿಂದ ಆರೇಳು ಕಿಲೋಮೀಟರ್ ಅಷ್ಟೇ. ಹಾಗಾಗಿ ಮ್ಯಾಂಟಲ್ ಬೇಕಾದವರು ಸಮುದ್ರಕ್ಕೇ ಹೋಗಬೇಕು.

ಮೊಹೋಲ್: ನಿಂತುಹೋದ ಪ್ರಾಜೆಕ್ಟ್

1957ರಲ್ಲಿ ಅಮೆರಿಕದ ವಾಲ್ಟರ್ ಮಂಕ್, ಹ್ಯಾರಿ ಹೆಸ್ ಮತ್ತು ಅವರ ಗೆಳೆಯರು ಈ ವಿಚಾರ ಎತ್ತಿದರು. ಅವರದ್ದೊಂದು ತಮಾಷೆಯ ಸಂಘ ಇತ್ತು, ಅಮೆರಿಕನ್ ಮಿಸಲೇನಿಯಸ್ ಸೊಸೈಟಿ ಅಂತ. ಮೊಹೊಗೆ ಹೋಗೋ ಹೋಲ್ ಆದ್ದರಿಂದ ಯೋಜನೆಗೆ ಹೆಸರು 'ಮೊಹೋಲ್'.

ಎಂಜಿನಿಯರ್‌ಗಳಾಗಿ ನಮಗೆ ಕುತೂಹಲ ಹುಟ್ಟಬೇಕಾದ ಭಾಗ ಇದು. ಸುಮಾರು ಮೂರೂವರೆ ಕಿಲೋಮೀಟರ್ ಆಳದ ನೀರು. ಲಂಗರು ಹಾಕಿ ಹಡಗು ನಿಲ್ಲಿಸೋ ಹಾಗಿಲ್ಲ. ಹಡಗು ಅಲುಗಾಡಿದರೆ ಪೈಪ್ ಮುರಿಯುತ್ತೆ. ವಿಲ್ಲರ್ಡ್ ಬ್ಯಾಸ್ಕಮ್ ಅವರ ತಂಡ 'ಕಸ್ 1' ಅನ್ನೋ ಹಡಗಿಗೆ ನಾಲ್ಕು ಹೆಚ್ಚುವರಿ ಮೋಟಾರ್ ಹಾಕಿತು. ಸುತ್ತ ತೇಲುಬುರುಡೆ ನಿಲ್ಲಿಸಿ, ಹಡಗು ಎಷ್ಟು ಸರಿದಿದೆ ಅಂತ ಸೋನಾರ್‌ನಲ್ಲಿ ನೋಡಿ, ಕೈಯಿಂದಲೇ ಮೋಟಾರ್ ತಿರುಗಿಸಿ ಹಡಗನ್ನ ಒಂದೇ ಕಡೆ ನಿಲ್ಲಿಸಿದರು. 1961ರಲ್ಲಿ ಮೆಕ್ಸಿಕೋದ ಗ್ವಾಡಲೂಪ್ ದ್ವೀಪದ ಹತ್ತಿರ ಸಮುದ್ರದ ತಳದಿಂದ 183 ಮೀಟರ್ ಕೊರೆದರು. ಮೇಲಿನ 170 ಮೀಟರ್ ಕೆಸರು, ಕೊನೆಯ 13 ಮೀಟರ್ ಬಸಾಲ್ಟ್. ಹಡಗಿನಲ್ಲಿದ್ದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 'ಲೈಫ್' ಪತ್ರಿಕೆಗೆ ಇದರ ವರದಿ ಬರೆದರು.

ಅದು ಬರೀ ಟ್ರಯಲ್. ಮುಂದಿನ ಹಂತದಲ್ಲಿ ಖರ್ಚು ಏರುತ್ತಾ ಹೋಯಿತು, ಒಳಗೊಳಗೇ ಜಗಳ ಆಯಿತು, 1966ರಲ್ಲಿ ಅಮೆರಿಕದ ಕಾಂಗ್ರೆಸ್ ದುಡ್ಡು ನಿಲ್ಲಿಸಿತು. ಮೊಹೊ ಮುಟ್ಟಲೇ ಇಲ್ಲ. ಆದರೆ ಹಡಗನ್ನ ಲಂಗರಿಲ್ಲದೆ ನಿಲ್ಲಿಸೋ ವಿದ್ಯೆ ಉಳಿಯಿತು. ಇವತ್ತು ಆಳ ಸಮುದ್ರದಲ್ಲಿ ಎಣ್ಣೆ ತೆಗೆಯೋ ಹಡಗುಗಳು ಆಡೋದು ಅದೇ ಆಟ, ಕೈಯ ಬದಲು ಕಂಪ್ಯೂಟರ್ ಅಷ್ಟೇ. 1968ರಿಂದ 'ಗ್ಲೋಮಾರ್ ಚಾಲೆಂಜರ್', 1985ರಿಂದ 'ಜಾಯ್ಡಿಸ್ ರೆಸಲ್ಯೂಷನ್' ಅನ್ನೋ ಹಡಗು ಲೋಕದ ಸಮುದ್ರಗಳನ್ನೆಲ್ಲ ಕೊರೆದವು.

ಕಬ್ಬಿನ ರಸ ಮತ್ತು ಸಿಪ್ಪೆ

ಈಗ ನಮ್ಮ ಊರಿಗೆ ಬರೋಣ. ಕಳವಾ, ಮುಂಬ್ರಾ ಮಧ್ಯೆ ಇರೋ ಪಾರ್ಸಿಕ್ ಗುಡ್ಡ ಗೊತ್ತಲ್ಲ, 1916ರಲ್ಲಿ ಅದರ ಹೊಟ್ಟೆಯಲ್ಲಿ ರೈಲು ಸುರಂಗ ತೋಡಿದರು. ಆ ಗುಡ್ಡ ಪೂರ್ತಿ ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್‌ನಲ್ಲಿ ಪದರ ಪದರವಾಗಿ ಹರಿದ ಲಾವಾ. ಆ ಲಾವಾ ಬಂದದ್ದು ಮ್ಯಾಂಟಲ್‌ನಿಂದ.

ಹಾಗಾದರೆ ಪಾರ್ಸಿಕ್ ಕಲ್ಲೇ ಮ್ಯಾಂಟಲ್ ಕಲ್ಲಾ? ಅಲ್ಲ. ರಸವಂತಿ ಅಂಗಡಿಯ ಮುಂದೆ ನಿಂತು ನೋಡಿ. ಕಬ್ಬು ಒಳಗೆ ಹೋಗುತ್ತೆ, ಈ ಕಡೆ ರಸ, ಆ ಕಡೆ ಸಿಪ್ಪೆ. ಮ್ಯಾಂಟಲ್‌ನ ಪೆರಿಡೋಟೈಟ್ ಅನ್ನೋದು ಕಬ್ಬು. ಅದು ಮೇಲೆ ಬರುವಾಗ ಒತ್ತಡ ಕಮ್ಮಿಯಾಗಿ ಅದರ ಒಂದು ಪಾಲು ಮಾತ್ರ ಕರಗುತ್ತೆ. ಆ ಕರಗಿದ್ದು ರಸ, ಅದೇ ಬಸಾಲ್ಟ್. ಕರಗದೆ ಉಳಿದ ಪೆರಿಡೋಟೈಟ್ ಸಿಪ್ಪೆ. ರಸ ನಮ್ಮ ಬಾಗಿಲಲ್ಲೇ ಗುಡ್ಡದಷ್ಟು ಬಿದ್ದಿದೆ. ವಿಜ್ಞಾನಿಗಳು ಹುಡುಕ್ತಾ ಇರೋದು ಕಬ್ಬು ಮತ್ತು ಸಿಪ್ಪೆಯನ್ನ. ಎಷ್ಟು ಹಿಂಡಿದೆ, ಹೇಗೆ ಹಿಂಡಿದೆ ಅಂತ ರಸ ಒಂದನ್ನೇ ಕುಡಿದು ಪೂರ್ತಿ ಹೇಳೋಕಾಗಲ್ಲ.

ರಸದ ಕೆಳಗೆ ಕರ್ನಾಟಕ

ಮಹಾರಾಷ್ಟ್ರದಲ್ಲೇ ಈ ಬಸಾಲ್ಟನ್ನ ಪೂರ್ತಿ ದಾಟಿ ಕೊರೆದ ಕಡೆ ಇದೆ, ಕೊಯ್ನಾ. ಅಲ್ಲಿ ಕೊರೆದದ್ದು ಮ್ಯಾಂಟಲ್‌ಗಾಗಿ ಅಲ್ಲ, ಭೂಕಂಪಕ್ಕಾಗಿ. 1962ರಲ್ಲಿ ಕೊಯ್ನಾ ಅಣೆಕಟ್ಟಿನಲ್ಲಿ ನೀರು ತುಂಬೋಕೆ ಶುರುವಾದ ಮೇಲೆ ಸಣ್ಣ ಸಣ್ಣ ಕಂಪನ ಶುರುವಾಯಿತು. 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3ರ ಭೂಕಂಪ ಆಗಿ ಇನ್ನೂರರ ಹತ್ತಿರ ಜನ ಸತ್ತರು. ಜಲಾಶಯದಿಂದ ಆಗೋ ಭೂಕಂಪಕ್ಕೆ ಜಗತ್ತಿನಲ್ಲೇ ದೊಡ್ಡ ಉದಾಹರಣೆ ಇದು. ಕಂಪನ ಇವತ್ತಿಗೂ ನಿಂತಿಲ್ಲ. ಭೂಕಂಪ ಹುಟ್ಟೋ ಜಾಗದ ಹತ್ತಿರಕ್ಕೇ ಹೋಗಿ ಅಳೆಯಬೇಕು ಅಂತ ಹರ್ಷ ಗುಪ್ತಾ ಮತ್ತಿತರ ವಿಜ್ಞಾನಿಗಳು ಹೊರಟರು. ಭೂವಿಜ್ಞಾನ ಸಚಿವಾಲಯ ದುಡ್ಡು ಕೊಟ್ಟಿತು, ಕರಾಡ್‌ನಲ್ಲಿ ಇದಕ್ಕೆಂದೇ ಪ್ರಯೋಗಾಲಯ ಬಂತು, 2017ರಲ್ಲಿ 3 ಕಿಲೋಮೀಟರ್ ಆಳದ ಪೈಲಟ್ ಬೋರ್ ಮುಗಿಯಿತು.

ಸುಮಾರು 1.2 ಕಿಲೋಮೀಟರ್‌ಗೆ ಲಾವಾ ಮುಗಿದು ಗ್ರಾನೈಟ್, ನೈಸ್ ಜಾತಿಯ ಕಲ್ಲು ಬಂತು. 1993ರ ಕಿಲ್ಲಾರಿ ಭೂಕಂಪ ಬೀದರ್, ಕಲಬುರಗಿ ಕಡೆಯವರಿಗೆ ಮರೆತಿರಲ್ಲ. ಅಲ್ಲೂ ಆಮೇಲೆ ಕೊರೆದರು, ಬಸಾಲ್ಟ್ 338 ಮೀಟರಿಗೇ ಮುಗಿದಿತ್ತು. ಕೊಯ್ನಾದ ಕೆಳಗಿನ ಈ ಹಳೇ ಕಲ್ಲನ್ನ ವಿಜ್ಞಾನಿಗಳು ಧಾರವಾಡ ಕ್ರೇಟನ್ ಜೊತೆ ಸೇರಿಸ್ತಾರೆ. ಅಂದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಬಳಗ. ರಾಜ್ಯದ ಗಡಿ ಮೇಲೆ ಎಳೆದದ್ದು, ಕೆಳಗಿನ ಕಲ್ಲಿಗೆ ಅದು ಗೊತ್ತಿಲ್ಲ.

ಅರಬ್ಬೀ ಸಮುದ್ರಕ್ಕೂ ಬಂತು ಆ ಹಡಗು

2015ರ ಮಾರ್ಚ್ 31ರಿಂದ ಮೇ 31ರವರೆಗೆ ಜಾಯ್ಡಿಸ್ ರೆಸಲ್ಯೂಷನ್ ಕೊಲಂಬೋದಿಂದ ಹೊರಟು ನಮ್ಮ ಮುಂಬೈಗೆ ಬಂತು. ಇದು 355ನೇ ಯಾನ. ಮುಂದಾಳುಗಳಲ್ಲಿ ಒಬ್ಬರು ಗೋವಾದ ಕೇಂದ್ರದ ಧನಂಜಯ್ ಪಾಂಡೆ, ಇನ್ನೊಬ್ಬರು ಪೀಟರ್ ಕ್ಲಿಫ್ಟ್. ಪಶ್ಚಿಮ ಕರಾವಳಿಯಿಂದ ದೂರದ ಲಕ್ಷ್ಮೀ ಬೇಸಿನ್‌ನಲ್ಲಿ, ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ, ತಳದಿಂದ ಮತ್ತೆ ಸುಮಾರು 1,100 ಮೀಟರ್ ಎರಡು ಕಡೆ ಕೊರೆದರು. ಸಿಂಧೂ ನದಿ ತಂದ ಹೂಳಿನಲ್ಲಿ ಹಳೇ ಮುಂಗಾರಿನ ದಾಖಲೆ ಸಿಕ್ಕಿತು. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಸಮುದ್ರದೊಳಗೆ ಆದ ಭಾರೀ ಕುಸಿತದ ಪದರ ಸಿಕ್ಕಿತು, ಅದಕ್ಕೆ 'ನಟರಾಜ' ಅಂತ ಹೆಸರಿದೆ. ಒಂದು ತೂತಿನ ತಳದಲ್ಲಿ ಬಸಾಲ್ಟ್ ಸಿಕ್ಕಿತು. ಅಲ್ಲಿನ ತಳ ಭಾರತದಿಂದ ಕಿತ್ತು ಹಿಗ್ಗಿದ ಖಂಡದ ಚೂರಾ, ಇಲ್ಲ ನಿಜವಾದ ಸಾಗರ ತಳವಾ ಅನ್ನೋ ಹಳೇ ಜಗಳಕ್ಕೆ ಕೈಯಲ್ಲಿ ಹಿಡಿಯೋ ಕಲ್ಲು ಸಾಕ್ಷಿಯಾಗಿ ಬಂತು.

ಹಿಂದೂ ಮಹಾಸಾಗರದ ಕಡೆಯ ಇಂಥ ಕಲ್ಲುಕಂಬಗಳನ್ನೆಲ್ಲ ಇಡೋದು ಕೊಚ್ಚಿಯಲ್ಲಿ. ಕೇರಳದ್ದಲ್ಲ, ಜಪಾನಿನ ಕೊಚ್ಚಿ! ಪ್ರತಿ ಕಂಬವನ್ನೂ ಉದ್ದಕ್ಕೆ ಸೀಳಿ, ಒಂದು ಅರ್ಧವನ್ನ ದಾಖಲೆಗೆ ಅಂತ ಎತ್ತಿಡ್ತಾರೆ, ಇನ್ನೊಂದರಿಂದ ಸ್ಯಾಂಪಲ್ ಕೊಡ್ತಾರೆ. ಒಂದು ಅವಧಿ ಕಳೆದ ಮೇಲೆ ಯಾವ ದೇಶದ ಸಂಶೋಧಕರು ಬೇಕಾದರೂ ಅರ್ಜಿ ಹಾಕಬಹುದು. ಓಪನ್ ಸೋರ್ಸ್ ಅನ್ನೋ ಮಾತು ಹುಟ್ಟೋಕೆ ಮುಂಚೆಯೇ ಇವರು ಅದನ್ನ ನಡೆಸ್ತಾ ಇದ್ದರು.

ಪ್ರಶ್ನೆಯನ್ನೇ ಬದಲಿಸಿದರು

ಕೊನೆಗೆ ಮ್ಯಾಂಟಲ್ ಕಲ್ಲು ಸಿಕ್ಕಿತಾ? ಸಿಕ್ಕಿತು, ದಾರಿ ಬೇರೆ. ಮ್ಯಾಂಟಲ್ ಇರೋ ಆಳಕ್ಕೆ ಹೋಗೋದಕ್ಕಿಂತ, ಮ್ಯಾಂಟಲ್ಲೇ ಮೇಲೆ ಬಂದಿರೋ ಕಡೆಗೆ ಹೋದರು.

ಒಂದು ಜಾಗ ಒಮಾನ್. ಅಲ್ಲಿ ಹಳೇ ಸಾಗರ ತಳ ತನ್ನ ಕೆಳಗಿನ ಮ್ಯಾಂಟಲ್ ಸಮೇತ ನೆಲದ ಮೇಲೆ ಹತ್ತಿ ಕೂತಿದೆ. 2016ರಿಂದ 2018ರವರೆಗೆ ಅಲ್ಲಿ ಕೊರೆದು, ಮೂರು ಕಿಲೋಮೀಟರಿಗೂ ಹೆಚ್ಚು ಕಲ್ಲುಕಂಬವನ್ನ ಜಪಾನಿಗೆ ಸಾಗಿಸಿ 'ಚಿಕ್ಯೂ' ಹಡಗಿನ ಲ್ಯಾಬ್‌ನಲ್ಲಿ ಪರೀಕ್ಷಿಸಿದರು. ಈ ಕಲ್ಲು ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕಾರ್ಬೊನೇಟ್ ಆಗಿಬಿಡುತ್ತೆ, ಅಂದರೆ ಗಾಳಿಯ ಇಂಗಾಲ ಕಲ್ಲಿನೊಳಗೆ ಬಂದಿಯಾಗುತ್ತೆ. ಇವತ್ತಿನ ಹವಾಮಾನದ ಚರ್ಚೆಯಲ್ಲಿ ಒಮಾನ್ ಹೆಸರು ಬರೋದು ಅದಕ್ಕೇ.

ಇನ್ನೊಂದು ಜಾಗ ಅಟ್ಲಾಂಟಿಕ್ ಸಮುದ್ರದ ಮಧ್ಯದ ಅಟ್ಲಾಂಟಿಸ್ ಮಾಸಿಫ್. 2023ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಅಲ್ಲಿ 1,268 ಮೀಟರ್ ಕೊರೆಯಿತು. ಅದಕ್ಕೆ ಮುಂಚೆ ಇಂಥ ಕಲ್ಲಿನಲ್ಲಿ ಹೋದ ಆಳ 200 ಮೀಟರ್ ಆಸುಪಾಸು. 2024ರಲ್ಲಿ ಯೋಹಾನ್ ಲಿಸೆನ್‌ಬರ್ಗ್ ತಂಡ ಫಲಿತಾಂಶ ಪ್ರಕಟಿಸಿತು. ಆ ಕಲ್ಲು ಅಂದುಕೊಂಡದ್ದಕ್ಕಿಂತ ಹೆಚ್ಚು ಕರಗಿ ರಸ ಕಳೆದುಕೊಂಡಿತ್ತು. ರಸ ನೋಡಿ ಹಾಕಿದ್ದ ಲೆಕ್ಕವನ್ನ ಸಿಪ್ಪೆ ಸಿಕ್ಕ ಮೇಲೆ ತಿದ್ದಬೇಕಾಯಿತು. ಪಕ್ಕದಲ್ಲೇ ನೀರು ಈ ಕಲ್ಲಿನ ಜೊತೆ ಬೆರೆತು ಹೈಡ್ರೋಜನ್ ಉಂಟಾಗೋ ಬಿಸಿ ಚಿಲುಮೆಗಳಿವೆ. ಜೀವ ಇಂಥ ಕಡೆ ಶುರುವಾಗಿರಬಹುದಾ ಅಂತ ಕೇಳೋರಿಗೂ ಈಗ ಕಲ್ಲು ಸಿಕ್ಕಿದೆ.

ಆದರೆ ಅಷ್ಟು ಹೊತ್ತಿಗೆ ಆ ಹಡಗಿನ ಕಾಲ ಮುಗಿದಿತ್ತು. ಅಮೆರಿಕ ದುಡ್ಡು ಮುಂದುವರಿಸಲ್ಲ ಅಂತ 2023ರಲ್ಲೇ ಹೇಳಿತ್ತು, 2024ರಲ್ಲಿ ಹಡಗು ಕೆಲಸ ನಿಲ್ಲಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಚೀನಾ 'ಮೆಂಗ್ ಷಿಯಾಂಗ್' ಹಡಗನ್ನ ಇಳಿಸಿದೆ, 11 ಕಿಲೋಮೀಟರ್ ಕೊರೆಯೋ ಶಕ್ತಿ ಇದೆ ಅನ್ನುತ್ತೆ, ಅದರ ಗುರಿ ಮತ್ತೆ ಮೊಹೊ. ಲಕ್ಷ್ಮೀ ಬೇಸಿನ್ ಕೊರೆದಂಥ ಹಡಗು ನಮ್ಮ ದೇಶದ್ದಲ್ಲ. ಹಂಚಿಕೊಂಡ ಹಡಗು ನಿಂತರೆ ನಮ್ಮ ವಿದ್ಯಾರ್ಥಿಗಳು ನಮ್ಮ ಸಮುದ್ರದ ಕಲ್ಲನ್ನ ನೋಡೋಕೂ ಯಾರದೋ ಡೆಕ್ ಮೇಲೆ ಜಾಗ ಕೇಳಬೇಕು. ಲಾಭ ಯಾವಾಗ ಬರುತ್ತೆ ಅಂತ ಹೇಳೋಕಾಗದ ಪ್ರಶ್ನೆಗೆ ಮೂವತ್ತು ನಲವತ್ತು ವರ್ಷ ದುಡ್ಡು ಹಾಕೋರು ಯಾರು ಅನ್ನೋದು ಮೊಹೋಲ್ ಕಾಲದಿಂದಲೂ ಇರೋ ಕಷ್ಟ. ಮೂರು ತಿಂಗಳ ರಿಲೀಸ್ ಪ್ಲಾನ್ ನೋಡಿ ಅಭ್ಯಾಸ ಆಗಿರೋ ನಮ್ಮಂಥವರು ಇದನ್ನ ಸ್ವಲ್ಪ ಯೋಚಿಸಬೇಕು.

ಕೊರೆದ ಕಲ್ಲು ಮಾತ್ರ ಎಲ್ಲೂ ಹೋಗಲ್ಲ. ಆ ಕೊಚ್ಚಿಯ ಗೋದಾಮಿನಲ್ಲಿ ಅರಬ್ಬೀ ಸಮುದ್ರದ ಕಂಬಗಳು ಇವೆ, ಇನ್ನೂ ಹುಟ್ಟದ ಪ್ರಶ್ನೆಗಳಿಗೂ ಅವೇ ಉತ್ತರ ಕೊಡಬೇಕು. ನಿಮ್ಮ ಮನೆಯ ಮಕ್ಕಳಲ್ಲಿ ಯಾರಾದರೂ ಕಲ್ಲು ಆಯ್ದುಕೊಂಡು ಬಂದು ಇದೇನು ಅಂತ ಕೇಳಿದರೆ, ಬಿಸಾಕು ಅನ್ನಬೇಡಿ, ಕಬ್ಬಿನ ರಸದ ಕಥೆ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.