ಆತಕೂರಿನ ಶಿಲೆ: ವಸ್ತುಸಂಗ್ರಹಾಲಯದಲ್ಲಿ ಒಂದು ಅಧ್ಯಯನ

ವಸ್ತುಸಂಗ್ರಹಾಲಯಕ್ಕೆ ಹೋಗುವವರು ಸಾಮಾನ್ಯವಾಗಿ ದೂರದ ನಾಡುಗಳ ಅಪೂರ್ವ ವಸ್ತುಗಳನ್ನು ಕಾಣುವ ಕುತೂಹಲದಿಂದ ಹೋಗುತ್ತಾರೆ. ತಮ್ಮ ಸೀಮೆಯ ಕಲ್ಲೊಂದನ್ನೇ ಅಲ್ಲಿ ಕಾಣಬಹುದೆಂದು ಎಣಿಸುವವರು ವಿರಳ. ಹಿಂದೊಮ್ಮೆ ನಾವು ಕೆಲವರು ವಿದ್ಯಾರ್ಥಿಗಳೊಡನೆ ಮಂಡ್ಯಕ್ಕೆ ಸಮೀಪದ ಯಲಿಯೂರಿನಲ್ಲಿ ರೈಲನ್ನೇರಿ, ಮದ್ದೂರಿನ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಅಲ್ಲಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸಂದರ್ಶಿಸಿದೆವು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ವೀರಗಲ್ಲು ಈ ಸಂಗ್ರಹಕ್ಕೆ ಸೇರಿದುದು. ನಮ್ಮೊಡನೆ ಇದ್ದ ಮದ್ದೂರು, ಮಳವಳ್ಳಿ ಸೀಮೆಯ ವಿದ್ಯಾರ್ಥಿಗಳಲ್ಲಿ ಒಬ್ಬರೂ ಅದರ ಹೆಸರನ್ನು ಕೇಳಿರಲಿಲ್ಲ. ಪ್ರಕೃತ ಲೇಖನಕ್ಕೆ ಇದೇ ಪ್ರೇರಣೆ.

ಈ ಸಂಗ್ರಹಾಲಯವು ೧೮೬೫ರಲ್ಲಿ ಸ್ಥಾಪಿತವಾಯಿತು. ಬೌರಿಂಗನು ಮೈಸೂರಿನ ಕಮಿಷನರಾಗಿದ್ದ ಆ ಕಾಲದಲ್ಲಿ ಇದಕ್ಕೆ ಮುಖ್ಯ ಪ್ರೇರಕನಾದವನು ವೈದ್ಯನಾದ ಎಡ್ವರ್ಡ್ ಬಾಲ್ಫರ್. ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವನೂ ಈತನೇ. ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಬಣ್ಣದ ಕಟ್ಟಡವು ೧೮೭೭ರದು. ಹೊಯ್ಸಳ ಶಿಲ್ಪಗಳು, ನಾಣ್ಯಗಳು, ಮೈಸೂರು ಶೈಲಿಯ ಚಿತ್ರಗಳು, ಯುದ್ಧದೃಶ್ಯಗಳಿಂದ ತುಂಬಿದ ಬೇಗೂರಿನ ವೀರಗಲ್ಲು ಮೊದಲಾದವು ಇದರ ಸಂಪತ್ತು. ಇವುಗಳ ನಡುವೆ ಆತಕೂರಿನ ಶಿಲೆಯು ಅಲಂಕಾರದ ದೃಷ್ಟಿಯಿಂದ ಸರಳವಾದುದು. ಅದರ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಪರಸ್ಪರ ಹೋರಾಡುತ್ತಿರುವಂತೆ ಕಂಡರಿಸಿದೆ, ಉಳಿದುದೆಲ್ಲ ಬರಹ.

ಶಾಸನದ ಕಾಲವು ಶಕ ೮೭೨, ಎಂದರೆ ಕ್ರಿ.ಶ. ೯೪೯-೫೦. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ, ಇಂದಿನ ತಮಿಳುನಾಡಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ಯುದ್ಧ ನಡೆಯಿತು. ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ೧೨,೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ಪ್ರಾಂತಗಳನ್ನು ಕೊಟ್ಟನು. ಅದೇ ಯುದ್ಧದಲ್ಲಿ ಬೂತುಗನ ಸೇವಕನಾದ ಮಣಲೆರನೂ ಪರಾಕ್ರಮವನ್ನು ತೋರಿದನು. ಬೇಕಾದುದನ್ನು ಕೇಳಿಕೊಳ್ಳೆಂದು ಒಡೆಯನು ಹೇಳಲು, ಅವನು ಕೇಳಿದುದು ಕಾಳಿ ಎಂಬ ಒಂದು ಬೇಟೆನಾಯಿಯನ್ನು.

ಆ ಕಾಳಿಯನ್ನು ಕೆಳಲೆನಾಡಿನ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಅದರ ಸ್ಮರಣೆಗಾಗಿ ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಅಲ್ಲಿಯ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನಿಗೆ ತಗಲುವುದೆಂದು ಶಾಸನವು ವಿಧಿಸುತ್ತದೆ. ಸಾಮ್ರಾಜ್ಯದ ಯುದ್ಧವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಸಮಾನ ಗೌರವದಿಂದ ನಿಂತಿರುವುದು ಗಮನಾರ್ಹವಾದ ಸಂಗತಿ.

ಈ ಶಾಸನದ ವ್ಯಾಸಂಗದಲ್ಲಿ ಇನ್ನೊಂದು ಪಾಠವಿದೆ. ರಾಜಾದಿತ್ಯನ ವಧೆಯನ್ನು ಹೇಳುವ ಒಂದೆರಡು ಪದಗಳನ್ನು ಫ್ಲೀಟನು ಮೊದಲು ಬೂತುಗನು ವಂಚನೆಯಿಂದ ಇರಿದನೆಂಬ ಅರ್ಥ ಬರುವಂತೆ ವಿವರಿಸಿದನು. ಅನಂತರ ತಾನೇ ಅದನ್ನು ತಿದ್ದಿ, ಆನೆಯ ಅಂಬಾರಿಯೇ ರಣರಂಗವಾಗಲು ಇರಿದನೆಂದು ಅರ್ಥ ಮಾಡಿದನು. ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಮಡಿದನೆಂದು ಚೋಳರ ಆನೈಮಂಗಲದ ತಾಮ್ರಶಾಸನವೂ ಹೇಳುವುದರಿಂದ ಈ ತಿದ್ದುಪಡಿಗೆ ಬೆಂಬಲ ದೊರೆಯುತ್ತದೆ. ಎರಡು ಪದಗಳ ಅರ್ಥವು ವೀರನೊಬ್ಬನನ್ನು ದ್ರೋಹಿಯನ್ನಾಗಿ ಮಾಡಬಲ್ಲದು; ಮರಳಿ ವೀರನನ್ನಾಗಿಯೂ ಮಾಡಬಲ್ಲದು. ಮುದ್ರಿತ ಅನುವಾದವೊಂದನ್ನೇ ನೆಚ್ಚುವ ವಿದ್ಯಾರ್ಥಿಯು ಇದನ್ನು ನೆನಪಿನಲ್ಲಿಡತಕ್ಕದ್ದು.

ಶಿಲೆಯನ್ನು ಊರಿನಿಂದ ತಂದುದು ಸರಿಯೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯೊಬ್ಬನು ಅಂದು ಎತ್ತಿದನು. ಊರುಗಳಲ್ಲಿ ಉಳಿದ ಎಷ್ಟೋ ವೀರಗಲ್ಲುಗಳು ಮೆಟ್ಟಿಲಾಗಿ, ಒಗೆಯುವ ಕಲ್ಲಾಗಿ ಸವೆದಿರುವುದನ್ನು ಬಲ್ಲವರು ಸಂಗ್ರಹಾಲಯವನ್ನು ದೂಷಿಸಲಾರರು. ಆದರೆ ಈ ಕಲ್ಲನ್ನು ಬರೆಸಿದುದು ಒಂದು ನಿರ್ದಿಷ್ಟ ದೇವರ ಮುಂದೆ, ಒಂದು ನಿರ್ದಿಷ್ಟ ಊರಿನ ಜನರಿಗಾಗಿ. ಗೋಡೆಗಳ ನಡುವೆ ಅದರ ಅಕ್ಷರ ಉಳಿದಿದೆ, ಶಿಲ್ಪ ಉಳಿದಿದೆ. ಅದರ ನೆಲೆ ಮಾತ್ರ ತಪ್ಪಿದೆ. ಆ ನೆಲೆಯನ್ನು ಮನಸ್ಸಿನಲ್ಲಾದರೂ ಕೂಡಿಸಿಕೊಡುವುದು ಇತಿಹಾಸದ ಅಧ್ಯಾಪಕನ ಕರ್ತವ್ಯ.

ಆದುದರಿಂದ ನಮ್ಮ ಸೂಚನೆ ಇಷ್ಟೇ: ವಿದ್ಯಾರ್ಥಿಗಳನ್ನು ಸಂಗ್ರಹಾಲಯಕ್ಕೆ ಕರೆದೊಯ್ಯುವ ಮುನ್ನ ರೈಸ್ ಮಹಾಶಯನ ಶಾಸನ ಸಂಪುಟಗಳಲ್ಲಿ ತಮ್ಮ ತಾಲ್ಲೂಕಿನ ಶಾಸನಗಳನ್ನು ಓದಿಸಬೇಕು, ಹಿಂದಿರುಗಿದ ಮೇಲೆ ಆ ಊರುಗಳಿಗೂ ಕರೆದೊಯ್ಯಬೇಕು. ಆತಕೂರಿನಲ್ಲಿ ಈ ಶಿಲೆಯ ಪಡಿಯಚ್ಚೊಂದನ್ನು ವಿವರಣೆಯೊಡನೆ ನಿಲ್ಲಿಸುವುದೂ ಉಚಿತ. ಕಲ್ಲನ್ನು ಕಾಪಾಡುವ ಭಾರವನ್ನು ಸಂಗ್ರಹಾಲಯವು ಹೊತ್ತಿದೆ. ಅದು ಹೇಳುವ ಮಾತನ್ನು ಆ ಸೀಮೆಯ ಮಕ್ಕಳಿಗೆ ತಲುಪಿಸುವ ಭಾರ ನಮ್ಮದು.