ಮಾನವ ಹಕ್ಕು ಓದಿದ್ರೆ ಏನ್ ಸಿಗುತ್ತೆ? ಲ್ವಿವ್ ನಗರದ ಇಬ್ಬರು ವಿದ್ಯಾರ್ಥಿಗಳ ಕಥೆ



ಹೋದ ತಿಂಗಳು ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಡಿಗ್ರಿ ಮುಗಿಸಿದಾಳೆ. "ಅಕ್ಕಾ, ಹ್ಯೂಮನ್ ರೈಟ್ಸ್‌ನಲ್ಲಿ ಪಿಜಿ ಮಾಡ್ಬೇಕು ಅಂತಿದೀನಿ. ಅದನ್ನ ಓದಿ ಏನ್ ಕೆಲಸ ಸಿಗುತ್ತೆ ಅಂತ ಅಪ್ಪ ಕೇಳ್ತಿದಾರೆ. ನೀನಾದ್ರೂ ಒಂದ್ಮಾತು ಹೇಳು" ಅಂದ್ಲು. ಚಿಕ್ಕಪ್ಪ ಕೇಳಿದ್ದು ತಪ್ಪಲ್ಲ, ಫೀಸು ಕಟ್ಟೋರು ಅವರು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಆದ್ರೆ ನೂರು ವರ್ಷದ ಹಿಂದಿನ ಒಂದು ಕಥೆ ನೆನಪಾಯ್ತು. ಇವತ್ತು ನಿಮಗೂ ಅದನ್ನೇ ಹೇಳ್ತೀನಿ.

ಕಥೆ ನಡೆಯೋ ಊರು ಲ್ವಿವ್. ಈಗ ಯುಕ್ರೇನ್‌ನಲ್ಲಿದೆ. ಮೊದಲ ಮಹಾಯುದ್ಧದ ತನಕ ಇದು ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯದ ಲೆಂಬರ್ಗ್ ಆಗಿತ್ತು, ಆಮೇಲೆ ಪೋಲೆಂಡ್‌ನ ಲ್ವೂಫ್ ಆಯ್ತು. ನಂತರ ಸೋವಿಯತ್ ಸೇನೆ ಬಂತು, ಹಿಟ್ಲರನ ಸೇನೆ ಬಂತು, ಮತ್ತೆ ಸೋವಿಯತ್ ಸೇನೆ ಬಂತು. ಮನೆ ಬದಲಾಯಿಸದೇ ಇದ್ದ ಒಬ್ಬ ಅಜ್ಜಿ ಕೂಡ ನಾಲ್ಕಾರು ಸರ್ಕಾರಗಳ ಕೈಕೆಳಗೆ ಬಾಳಿರಬಹುದಾದ ಊರು ಅದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಓದೋಕೆ ಇಬ್ಬರು ಯಹೂದಿ ಹುಡುಗರು ಬಂದರು. ಒಬ್ಬರು ಹರ್ಷ್ ಲೌಟರ್‌ಪಾಕ್ಟ್, 1915ರಲ್ಲಿ ಸೇರಿದವರು. ಇನ್ನೊಬ್ಬರು ರಫಾಯೆಲ್ ಲೆಮ್ಕಿನ್, 1921ರಲ್ಲಿ ಸೇರಿದವರು. ಒಂದೇ ಕಾಲೇಜು. ಕೆಲವು ಮೇಷ್ಟ್ರುಗಳು ಇಬ್ಬರಿಗೂ ಪಾಠ ಮಾಡಿದ್ದಾರೆ. ಆದರೆ ಒಬ್ಬರು ಹೋದ ಮೇಲೆ ಇನ್ನೊಬ್ಬರು ಬಂದಿದ್ದರಿಂದ ತರಗತಿಯಲ್ಲಿ ಭೇಟಿ ಆಗಲಿಲ್ಲ.

ಮೊದಲು ಲೌಟರ್‌ಪಾಕ್ಟ್ ಕಥೆ. ಯುದ್ಧ ಮುಗಿಯುತ್ತಿದ್ದಂತೆ ಊರಲ್ಲಿ ಪೋಲಿಷರಿಗೂ ಯುಕ್ರೇನಿಯನ್ನರಿಗೂ ಹೊಡೆದಾಟ ಶುರುವಾಯ್ತು, ನಡುವೆ ಯಹೂದಿಗಳ ಮೇಲೆ ದಾಳಿ ನಡೀತು. ಯಹೂದಿ ಅನ್ನೋ ಕಾರಣಕ್ಕೆ ಅಲ್ಲಿ ಕೊನೆಯ ಪರೀಕ್ಷೆ ಬರೆಯೋಕೂ ಆಗಲಿಲ್ಲ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. 1919ರಲ್ಲಿ ಅವರು ವಿಯೆನ್ನಾಕ್ಕೆ ಹೋದರು. ಅಲ್ಲಿ ಹನ್ಸ್ ಕೆಲ್ಸನ್ ಅನ್ನೋ ದೊಡ್ಡ ವಿದ್ವಾಂಸರ ಹತ್ತಿರ ಓದಿ ಡಾಕ್ಟರೇಟ್ ಪಡೆದರು. 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿನ ಗುರು ಆರ್ನಾಲ್ಡ್ ಮೆಕ್‌ನೇರ್ ನೆನಪಿಸಿಕೊಂಡ ಹಾಗೆ, ಮೊದಲ ಭೇಟಿಯಲ್ಲಿ ಈ ಹುಡುಗನ ಇಂಗ್ಲಿಷ್ ಅರ್ಥವೇ ಆಗಿರಲಿಲ್ಲ. ಎರಡು ವಾರ ಬಿಟ್ಟು ಬಂದಾಗ ಸರಾಗವಾಗಿ ಮಾತಾಡ್ತಿದ್ದರಂತೆ. ಅಷ್ಟೂ ದಿನ ಸಿಕ್ಕಸಿಕ್ಕ ಉಪನ್ಯಾಸಗಳಿಗೆಲ್ಲ ಹೋಗಿ ಕೂತಿದ್ದರಂತೆ. ಕನ್ನಡ ಮೀಡಿಯಂನಿಂದ ಬಂದು ಪಿಜಿ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ಒದ್ದಾಡಿದ ನಮಗೆ ಈ ಸಂಕಟ ಗೊತ್ತು, ಅಲ್ವಾ?

ಈಗ ಲೆಮ್ಕಿನ್. 1921ರ ಮಾರ್ಚ್‌ನಲ್ಲಿ ಬರ್ಲಿನ್‌ನ ಬೀದಿಯಲ್ಲಿ ಒಬ್ಬ ಅರ್ಮೇನಿಯನ್ ಯುವಕ ತಲಾತ್ ಪಾಷಾನನ್ನು ಗುಂಡಿಟ್ಟು ಕೊಂದ. ಲಕ್ಷಾಂತರ ಅರ್ಮೇನಿಯನ್ನರ ಸಾವಿಗೆ ಕಾರಣನಾದ ಒಟ್ಟೋಮನ್ ಮಂತ್ರಿ ಈ ತಲಾತ್. ಕೋರ್ಟು ಆ ಯುವಕನನ್ನು ಬಿಡುಗಡೆ ಮಾಡಿತು. ಈ ಪ್ರಕರಣದ ಬಗ್ಗೆ ಲೆಮ್ಕಿನ್ ತಮ್ಮ ಮೇಷ್ಟ್ರನ್ನು ಕೇಳಿದರು: ಒಬ್ಬನನ್ನು ಕೊಂದರೆ ಅಪರಾಧ ಅಂತೀರಿ, ಲಕ್ಷಾಂತರ ಜನರನ್ನು ಕೊಲ್ಲಿಸಿದವನನ್ನು ಯಾಕೆ ಯಾರೂ ಹಿಡಿಯಲಿಲ್ಲ? ಮೇಷ್ಟ್ರು ಕೋಳಿಯ ಉದಾಹರಣೆ ಕೊಟ್ಟರು. ರೈತ ತನ್ನ ಕೋಳಿಗಳನ್ನು ತಾನು ಕೊಂದರೆ ಪಕ್ಕದ ಮನೆಯವನು ಕೇಳೋ ಹಾಗಿಲ್ಲ, ಕೇಳೋಕೆ ಹೋದರೆ ಅದೇ ಅತಿಕ್ರಮಣ. ದೇಶಕ್ಕೂ ಪ್ರಜೆಗಳಿಗೂ ಇರೋ ಸಂಬಂಧವೂ ಹಾಗೇ ಅನ್ನೋದು ಅವರ ಮಾತಿನ ಸಾರ. ಮನುಷ್ಯರು ಕೋಳಿಗಳಲ್ಲವಲ್ಲ ಅಂತ ಹುಡುಗ ವಾದ ಮಾಡಿದ. ಲೆಮ್ಕಿನ್ ವಯಸ್ಸಾದ ಮೇಲೆ ಬರೆದುಕೊಂಡ ನೆನಪು ಇದು.

ಮೇಷ್ಟ್ರು ಕೆಟ್ಟವರಲ್ಲ, ಆಗಿನ ಕಾನೂನನ್ನೇ ಹೇಳಿದರು. ಅಂತರರಾಷ್ಟ್ರೀಯ ಕಾನೂನು ಅಂದರೆ ದೇಶ ದೇಶಗಳ ನಡುವಿನ ವ್ಯವಹಾರ ಅಂತಲೇ ಆಗ ನಂಬಿದ್ದರು. ತನ್ನ ಗಡಿಯೊಳಗೆ ತನ್ನ ಪ್ರಜೆಗಳಿಗೆ ಸರ್ಕಾರ ಏನು ಮಾಡಿದರೂ ಹೊರಗಿನವರು ಕೇಳೋಕೆ ದಾರಿ ಇರಲಿಲ್ಲ ಅನ್ನಬಹುದು. ಆ ಗೋಡೆಯನ್ನು ಒಡೆಯೋಕೆ ಈ ಇಬ್ಬರೂ ಬೇರೆ ಬೇರೆ ಕಡೆಯಿಂದ ಹೊರಟರು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಲೆಮ್ಕಿನ್ ವಾರ್ಸಾದಿಂದ ತಪ್ಪಿಸಿಕೊಂಡರು. ಸ್ವೀಡನ್‌ನಲ್ಲಿದ್ದಾಗ ಅವರು ಮಾಡಿದ ಕೆಲಸ ನೋಡಿ: ತಾವು ಆಕ್ರಮಿಸಿದ ದೇಶಗಳಲ್ಲಿ ನಾಜಿಗಳು ಹೊರಡಿಸಿದ ಆದೇಶಗಳನ್ನೆಲ್ಲ ಒಟ್ಟು ಮಾಡುತ್ತಾ ಹೋದರು. ಯಾರು ಯಾರನ್ನು ಮದುವೆಯಾಗಬಾರದು, ಯಾರಿಗೆ ಎಷ್ಟು ಆಹಾರ, ಯಾರ ಆಸ್ತಿ ಜಪ್ತಿ. ಬಿಡಿಬಿಡಿಯಾಗಿ ನೋಡಿದರೆ ಆಫೀಸಿನ ಕಾಗದ. ಜೋಡಿಸಿ ನೋಡಿದಾಗ ಒಂದು ಜನಾಂಗವನ್ನೇ ಅಳಿಸೋ ಯೋಜನೆ ಕಾಣಿಸಿತು. ಸೋವಿಯತ್ ಒಕ್ಕೂಟ, ಜಪಾನ್ ಸುತ್ತಿ 1941ರಲ್ಲಿ ಅಮೆರಿಕ ಮುಟ್ಟಿದರು. 1944ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದು ಹೊಸ ಪದ ಇತ್ತು. ಗ್ರೀಕಿನ ಗೆನೊಸ್, ಅಂದರೆ ಕುಲ ಅಥವಾ ಜನಾಂಗ. ಲ್ಯಾಟಿನ್ ಮೂಲದ ಸೈಡ್, ಅಂದರೆ ಕೊಲ್ಲುವುದು. ಸೇರಿದರೆ ಜೆನೊಸೈಡ್, ನಾವು ಜನಾಂಗೀಯ ಹತ್ಯೆ ಅಂತೀವಲ್ಲ, ಅದು.

ಆಗ ಲೌಟರ್‌ಪಾಕ್ಟ್ ಕೇಂಬ್ರಿಜ್‌ನಲ್ಲಿ ಪ್ರೊಫೆಸರ್. ಪ್ರತಿಯೊಬ್ಬ ವ್ಯಕ್ತಿಗೂ ಅಂತರರಾಷ್ಟ್ರೀಯ ಕಾನೂನಿನ ರಕ್ಷಣೆ ಬೇಕು ಅಂತ 1945ರಲ್ಲಿ ಅವರೂ ಒಂದು ಪುಸ್ತಕ ತಂದರು. ಅದೇ ವರ್ಷ ಅಮೆರಿಕದ ಮುಖ್ಯ ಪ್ರಾಸಿಕ್ಯೂಟರ್ ರಾಬರ್ಟ್ ಜಾಕ್ಸನ್ ಅವರ ಮನೆಗೆ ಬಂದಿದ್ದರು. ನಾಜಿ ನಾಯಕರ ವಿಚಾರಣೆಗೆ ಕಾನೂನು ಬರೆಯಬೇಕಿತ್ತು. ನಾಗರಿಕರ ಮೇಲಿನ ದೌರ್ಜನ್ಯಕ್ಕೆ 'ಮಾನವೀಯತೆಯ ವಿರುದ್ಧದ ಅಪರಾಧ' ಅಂತ ಹೆಸರಿಡಿ ಅಂತ ಲೌಟರ್‌ಪಾಕ್ಟ್ ಸಲಹೆ ಕೊಟ್ಟರು. ಆಗಸ್ಟ್ 8ರಂದು ಸಹಿಯಾದ ನ್ಯೂರೆಂಬರ್ಗ್ ಸನ್ನದಿನಲ್ಲಿ ಆ ಮಾತು ಸೇರಿತು.

ಇಲ್ಲಿ ನನಗೆ ಮೈ ಜುಂ ಅನಿಸೋ ಭಾಗ ಬರುತ್ತೆ. ನ್ಯೂರೆಂಬರ್ಗ್ ಕಟಕಟೆಯಲ್ಲಿದ್ದವರಲ್ಲಿ ಹನ್ಸ್ ಫ್ರಾಂಕ್ ಒಬ್ಬ. ಆಕ್ರಮಿತ ಪೋಲೆಂಡ್‌ನ ಗವರ್ನರ್. ಲ್ವಿವ್ ನಗರವೂ ಅವನ ಆಳ್ವಿಕೆಯಲ್ಲಿತ್ತು. ಬ್ರಿಟಿಷ್ ತಂಡದ ಜೊತೆ ಕೂತು ವಾದ ಬರೆದುಕೊಡ್ತಿದ್ದ ಲೌಟರ್‌ಪಾಕ್ಟ್‌ಗೆ ತಮ್ಮ ಮನೆಯವರು ಏನಾದರು ಅಂತ ವಿಚಾರಣೆ ಶುರುವಾದಾಗ ಗೊತ್ತಿರಲಿಲ್ಲ. ಸೋದರಿಯ ಮಗಳೊಬ್ಬಳನ್ನು ಬಿಟ್ಟು ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರೂ ಹೋಗಿದ್ದರು. ಲೆಮ್ಕಿನ್ ತಮ್ಮ ಅಪ್ಪ ಅಮ್ಮ ಸೇರಿ 49 ಬಂಧುಗಳನ್ನು ಕಳೆದುಕೊಂಡರು.

ಇಷ್ಟಾದರೂ ಇಬ್ಬರ ಅಭಿಪ್ರಾಯ ಒಂದಾಗಲಿಲ್ಲ. ಜನರನ್ನು ಕೊಲ್ಲೋದು ಅವರ ಗುಂಪಿನ ಕಾರಣಕ್ಕೆ, ಹಾಗಾಗಿ ಕಾನೂನು ಗುಂಪನ್ನು ಕಾಪಾಡಬೇಕು ಅಂತ ಲೆಮ್ಕಿನ್. ಕಾನೂನು ಕೂಡ ಗುಂಪಿನ ಭಾಷೆ ಆಡಿದರೆ 'ನಾವು', 'ಅವರು' ಅನ್ನೋದು ಇನ್ನಷ್ಟು ಗಟ್ಟಿಯಾಗುತ್ತೆ, ಕಾಪಾಡಬೇಕಾದ್ದು ಒಬ್ಬೊಬ್ಬ ಮನುಷ್ಯನನ್ನು ಅಂತ ಲೌಟರ್‌ಪಾಕ್ಟ್. ಜಾತಿಯ ಹೆಸರಲ್ಲಿ, ಧರ್ಮದ ಹೆಸರಲ್ಲಿ ಹಿಂಸೆ ನಡೆಯೋ ನಮ್ಮ ದೇಶದಲ್ಲಿ ಈ ಎರಡೂ ವಾದ ನಿಜ ಅನಿಸುತ್ತೆ. ಯಾವುದು ಸರಿ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ.

1946ರ ಅಕ್ಟೋಬರ್ 1ರ ಅಂತಿಮ ತೀರ್ಪಿನಲ್ಲಿ ಮಾನವೀಯತೆಯ ವಿರುದ್ಧದ ಅಪರಾಧ ಸಾಬೀತಾಯ್ತು. ಫ್ರಾಂಕ್‌ಗೆ ಗಲ್ಲು ಆಯ್ತು. ಜೆನೊಸೈಡ್ ಅನ್ನೋ ಪದ ಮಾತ್ರ ತೀರ್ಪಿನಲ್ಲಿ ಎಲ್ಲೂ ಇರಲಿಲ್ಲ. ಲೆಮ್ಕಿನ್ ಕುಸಿದುಹೋದರು, ಆದರೆ ಬಿಡಲಿಲ್ಲ. ನೇರವಾಗಿ ವಿಶ್ವಸಂಸ್ಥೆಯ ಬಾಗಿಲು ತಟ್ಟಿದರು. ಜನಾಂಗೀಯ ಹತ್ಯೆ ಅಪರಾಧ ಅಂತ ಘೋಷಿಸಬೇಕು ಅನ್ನೋ ಕರಡನ್ನು ಆಗ ಮುಂದಿಟ್ಟದ್ದು ಮೂರು ದೇಶಗಳು: ಕ್ಯೂಬಾ, ಪನಾಮಾ, ಮತ್ತು ಇನ್ನೂ ಸ್ವಾತಂತ್ರ್ಯ ಸಿಗದಿದ್ದ ನಮ್ಮ ಭಾರತ. 1946ರ ಡಿಸೆಂಬರ್ 11ಕ್ಕೆ ಆ ನಿರ್ಣಯ ಪಾಸಾಯ್ತು.

ಎರಡು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ, 1948ರ ಡಿಸೆಂಬರ್ 9ರಂದು, ಜನಾಂಗೀಯ ಹತ್ಯೆ ತಡೆ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ಮಾರನೇ ದಿನ, ಡಿಸೆಂಬರ್ 10ಕ್ಕೆ, ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆ. ಮೊದಲನೆಯದು ಲೆಮ್ಕಿನ್ ಹಾದಿ, ಎರಡನೆಯದು ಲೌಟರ್‌ಪಾಕ್ಟ್ ಹಾದಿ. ಆದರೂ ಘೋಷಣೆಗೆ ಕಾನೂನಿನ ಬಲ ಇಲ್ಲ ಅಂತ ಲೌಟರ್‌ಪಾಕ್ಟ್‌ಗೆ ಬೇಸರ ಇತ್ತು. ಅಂದಹಾಗೆ, ಆ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಅಂತ ಅರ್ಥ ಬರೋ ಮಾತನ್ನು ತೆಗೆಸಿ 'ಎಲ್ಲ ಮಾನವರು' ಅಂತ ಮಾಡಿಸಿದ್ದು ಭಾರತದ ಹಂಸಾ ಮೆಹ್ತಾ.

ಭಾರತ ಜನಾಂಗೀಯ ಹತ್ಯೆ ಒಪ್ಪಂದವನ್ನು ಅನುಮೋದಿಸಿದ್ದು 1959ರ ಆಗಸ್ಟ್ 27ಕ್ಕೆ. ಮಾರನೇ ದಿನ, ಆಗಸ್ಟ್ 28ಕ್ಕೆ, ಲೆಮ್ಕಿನ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ. ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಜನ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ 1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಂತು, ರಾಷ್ಟ್ರೀಯ ಆಯೋಗ ಬಂತು. ಜನರಲ್ಲಿ ಹಕ್ಕುಗಳ ಅರಿವು ಮೂಡಿಸೋದೂ ಆಯೋಗದ ಕೆಲಸ ಅಂತ ಕಾಯ್ದೆಯೇ ಹೇಳುತ್ತೆ. ವಿಶ್ವವಿದ್ಯಾಲಯಗಳಲ್ಲಿ ಕೋರ್ಸುಗಳು ಶುರುವಾದವು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ಮಾನವ ಹಕ್ಕುಗಳ ಕಾನೂನಿನ ಪಿಜಿ ಡಿಪ್ಲೊಮಾ ತಂತು.

ಹಾಗಂತ ಎಲ್ಲ ಬರೆದು ಮುಗಿದಿಲ್ಲ. 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟ್, 1984ರ ಸಿಖ್ ವಿರೋಧಿ ಹಿಂಸಾಚಾರದ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಘಟನೆ ನಡೆದು 34 ವರ್ಷ ಆಗಿತ್ತು. ಆ ತೀರ್ಪಿನಲ್ಲೇ ಇನ್ನೊಂದು ಮಾತಿದೆ: ಮಾನವೀಯತೆಯ ವಿರುದ್ಧದ ಅಪರಾಧವಾಗಲಿ, ಜನಾಂಗೀಯ ಹತ್ಯೆಯಾಗಲಿ ನಮ್ಮ ದೇಶದ ಅಪರಾಧ ಕಾನೂನಿನಲ್ಲಿ ಇಲ್ಲ, ಈ ಕೊರತೆಯನ್ನು ತುರ್ತಾಗಿ ತುಂಬಬೇಕು ಅಂತ. ಕರಡು ಮುಂದಿಟ್ಟ ಮೂರು ದೇಶಗಳಲ್ಲಿ ನಾವೊಬ್ಬರು ಅನ್ನೋದು ನೆನಪಿರಲಿ.

ನಮ್ಮ ಹುಡುಗಿಗೆ ನಾನು ವಾಪಸ್ ಫೋನ್ ಮಾಡಿದೆ. ಸುಳ್ಳು ಭರವಸೆ ಕೊಡಲಿಲ್ಲ. "ಈ ಡಿಗ್ರಿ ತಗೊಂಡ ತಕ್ಷಣ ಯಾರೂ ಕರೆದು ಕೆಲಸ ಕೊಡಲ್ಲ ಕಣೆ. ಜೊತೆಗೆ ಕಾನೂನೋ, ಪತ್ರಿಕೋದ್ಯಮವೋ, ಸಮಾಜಕಾರ್ಯವೋ ಒಂದು ಕೈಕಸುಬು ಇಟ್ಕೊ. ಆಮೇಲೆ ಕ್ಲಾಸಲ್ಲಿ ಸುಮ್ನೆ ನೋಟ್ಸ್ ಬರೀಬೇಡ, ಪ್ರಶ್ನೆ ಕೇಳು" ಅಂದೆ. ಲೆಮ್ಕಿನ್‌ದು ಕೋಳಿ ಕಥೆಗೆ ಸುಮ್ಮನಾಗೋ ಪ್ರಶ್ನೆ ಆಗಿರಲಿಲ್ಲ. ಅದಕ್ಕೆ ಕಾಗದದ ಮೇಲೆ ಉತ್ತರ ಸಿಗೋಕೆ 27 ವರ್ಷ ಬೇಕಾಯ್ತು.

ಅವಳು ಇಡೀ ಕಥೆ ಕೇಳಿ, "ಇದನ್ನ ಅಪ್ಪಂಗೆ ನೀನೇ ಹೇಳಕ್ಕಾ" ಅಂದ್ಲು. ಚಿಕ್ಕಪ್ಪಾ, ಈ ಎಪಿಸೋಡ್ ಲಿಂಕ್ ನಿಮಗೆ ವಾಟ್ಸಾಪ್ ಮಾಡಿದೀನಿ. ಪೂರ್ತಿ ಕೇಳಿ, ಆಮೇಲೆ ಫೋನ್ ಮಾಡಿ.